ಅಟ್ಟದಿಂದ ಇಳಿಸಿದ ಕಂಪ್ಯೂಟರ್‌ಗೆ ಅವಸರದಲ್ಲಿ ಪ್ಲಗ್ ಹಾಕಬೇಡಿ

ಮೂವತ್ತು ವರ್ಷ ಅಟ್ಟದ ಮೇಲೆ ಕೂತ ಕಂಪ್ಯೂಟರ್ ಎಷ್ಟೋ ಸಲ ಅಲ್ಲಿ ಚೆನ್ನಾಗಿಯೇ ಇರುತ್ತದೆ. ಕೆಳಗಿಳಿಸಿದ ದಿನ, ಧೂಳು ಕೊಡವಿ, ‘ಆನ್ ಆಗುತ್ತಾ ನೋಡೋಣ’ ಎಂದು ಯಾರೋ ಸ್ವಿಚ್ ಒತ್ತುತ್ತಾರಲ್ಲ, ಆ ಹತ್ತು ಸೆಕೆಂಡಿನಲ್ಲಿ ಹಾಳಾಗುತ್ತದೆ. ಹಾಗಾಗಿ ಈ ಹವ್ಯಾಸಕ್ಕೆ ಬರುವವರು ಮೊದಲು ಕಲಿಯಬೇಕಾದದ್ದು ಪವರ್ ಸಪ್ಲೈ, ಅಂದರೆ ಗೋಡೆಯ ಕರೆಂಟನ್ನು ಯಂತ್ರಕ್ಕೆ ಬೇಕಾದಷ್ಟು ವೋಲ್ಟಿಗೆ ಇಳಿಸಿ ಕೊಡುವ ಭಾಗದ ಪರೀಕ್ಷೆ. ಕೊಳ್ಳುವಾಗ ಚೌಕಾಸಿ, ಮಾರುವಾಗ ಬೆಲೆ, ಬಳಸುವಾಗ ನೆಮ್ಮದಿ, ಎಲ್ಲವೂ ಅದರ ಮೇಲೆಯೇ ನಿಂತಿದೆ.

ನಮ್ಮ ಕಡೆ ಏನು ಸಿಗಬಹುದು

ದಾವಣಗೆರೆ, ಚಿತ್ರದುರ್ಗದ ಕಡೆ ಹುಡುಕುವವರು ಕೆಲವು ಯಂತ್ರಗಳ ಮುಖ ಪರಿಚಯ ಮಾಡಿಕೊಂಡಿರಬೇಕು. ಮೊದಲನೆಯದು ಸಿಂಕ್ಲೇರ್ ಝಡ್‌ಎಕ್ಸ್ ಸ್ಪೆಕ್ಟ್ರಮ್. 1982ರ ಮೂಲ ಯಂತ್ರ ಕಪ್ಪಗೆ, ಪುಸ್ತಕದಷ್ಟು ದೊಡ್ಡದು, ರಬ್ಬರ್ ಕೀಗಳದ್ದು. ನಮ್ಮ ದೇಶದಲ್ಲಿ ಪುಣೆಯ ಡೆಸಿಬೆಲ್ಸ್ ಕಂಪನಿ ಇದರ ಮುಂದಿನ ರೂಪವಾದ, ಗಟ್ಟಿ ಪ್ಲಾಸ್ಟಿಕ್ ಕೀಗಳ ಸ್ಪೆಕ್ಟ್ರಮ್ ಪ್ಲಸ್ ಅನ್ನು ಡಿಬಿ ಸ್ಪೆಕ್ಟ್ರಮ್ ಎಂಬ ಹೆಸರಲ್ಲಿ ಮಾರಿತು. ಎರಡನೆಯದು ಬಿಬಿಸಿ ಮೈಕ್ರೋ. 1984-85ರಲ್ಲಿ ಕೇಂದ್ರ ಸರ್ಕಾರ ಶಾಲೆಗಳಿಗೆ ಕಂಪ್ಯೂಟರ್ ಕೊಡಲು ಶುರುಮಾಡಿದ ಕ್ಲಾಸ್ ಯೋಜನೆಯಲ್ಲಿ ಬಂದದ್ದು ಇದು. ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಸಂಸ್ಥೆ ಇದನ್ನು ಎಸ್‌ಸಿಎಲ್ ಯೂನಿಕಾರ್ನ್ ಎಂಬ ಹೆಸರಲ್ಲೂ ಹೊರತಂದಿತ್ತು. ಮಾಸಲು ಬಿಳಿ ಬಣ್ಣ, ಮೇಲಿನ ಸಾಲಿನಲ್ಲಿ ಕೆಂಪು ಫಂಕ್ಷನ್ ಕೀಗಳು. ಮೂರನೆಯದು ಹೊರದೇಶದಲ್ಲಿದ್ದ ನೆಂಟರು ತಂದುಕೊಟ್ಟ ಕೊಮೊಡೋರ್ 64ರಂಥವು. ಕೊನೆಯದಾಗಿ, ಟೈಪಿಂಗ್ ಇನ್‌ಸ್ಟಿಟ್ಯೂಟ್‌ಗಳು ಕಂಪ್ಯೂಟರ್ ಕ್ಲಾಸುಗಳಾದ ಕಾಲದ, ಪ್ರೊಸೆಸರ್ ನಂಬರಿನಿಂದ 286, 386, 486 ಎಂದು ಕರೆಯುವ ಪಿಸಿಗಳು. ಸುಲಭಕ್ಕೆ ಸಿಗುವುದು ಈ ಪಿಸಿಗಳೇ.

ಒಂದು ಎಚ್ಚರಿಕೆ. ಕೀಬೋರ್ಡ್ ಇದ್ದು, ಮೇಲ್ಭಾಗದಲ್ಲಿ ಗೇಮ್ ಕ್ಯಾಸೆಟ್ ಹಾಕುವ ಉದ್ದ ಸೀಳು, ಜೊತೆಗೆ ಎರಡು ಜಾಯ್‌ಸ್ಟಿಕ್ ಇದ್ದರೆ ಅದು ಬಹುತೇಕ ತೊಂಬತ್ತರ ದಶಕದ ಟಿವಿ ಗೇಮ್. ಆಡಲು ಚೆಂದ, ಮಕ್ಕಳಿಗೆ ಖುಷಿ. ಆದರೆ ‘ಹಳೇ ಕಂಪ್ಯೂಟರ್’ ಎಂಬ ಬೆಲೆ ಅದಕ್ಕೆ ಕೊಡಬೇಡಿ.

ದುಡ್ಡು ಹಾಕುವ ಮೊದಲು ಒಂದು ವಾರ, ಈಗಿನ ಕಂಪ್ಯೂಟರಿನಲ್ಲೇ ಹಳೇ ಯಂತ್ರವನ್ನು ಅನುಕರಿಸುವ ಎಮ್ಯುಲೇಟರ್‌ನಲ್ಲಿ ಆ ಯಂತ್ರವನ್ನು ಬಳಸಿ ನೋಡಿ. ಸ್ಪೆಕ್ಟ್ರಮ್‌ನಲ್ಲಿ ಒಂದೊಂದು ಕೀಗೆ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಒಂದೊಂದು ಪದ ಕೂತಿರುತ್ತದೆ. ‘ಪಿ’ ಒತ್ತಿದರೆ ‘ಪ್ರಿಂಟ್’ ಎಂದೇ ಬೀಳುತ್ತದೆ. ಕೆಲವರಿಗೆ ಇದು ಇಷ್ಟ, ಕೆಲವರಿಗೆ ತಲೆನೋವು. ಕೊಂಡ ಮೇಲೆ ಗೊತ್ತಾಗುವುದಕ್ಕಿಂತ ಮೊದಲೇ ಗೊತ್ತಾದರೆ ಒಳ್ಳೆಯದು.

ಎಲ್ಲಿ ಹುಡುಕುವುದು, ಏನು ನೋಡುವುದು

ಗುಜರಿ ಅಂಗಡಿಗೆ ಹೋದರೆ ಮಾಲೀಕರ ಹತ್ತಿರ ಒಂದೇ ಮಾತು ಹೇಳಿ ಬನ್ನಿ: ‘ಅಣ್ಣಾ, ಕೀಬೋರ್ಡ್ ಜೊತೆಗೇ ಇರೋ ಹಳೇ ಕಂಪ್ಯೂಟರ್ ಬಂದ್ರೆ ಒಡೀಬೇಡಿ, ಇಡಿಯಾಗಿ ನಾನೇ ತಗೋತೀನಿ.’ ಅವರು ಕೊಂಡದ್ದು ಕೆಜಿ ಲೆಕ್ಕದಲ್ಲಿ. ಬೋರ್ಡ್ ಕಿತ್ತು, ಪ್ಲಾಸ್ಟಿಕ್ ಬೇರೆ ಕಬ್ಬಿಣ ಬೇರೆ ಮಾಡಿಬಿಟ್ಟರೆ ಮುಗಿಯಿತು. ತೂಕದ ದರದ ಎರಡರಷ್ಟು ಕೊಟ್ಟರೂ ನಿಮಗೆ ನಷ್ಟವಿಲ್ಲ, ಮುಂದಿನ ಸಲ ಫೋನ್ ಮಾಡಲು ಅವರಿಗೊಂದು ಕಾರಣವೂ ಸಿಗುತ್ತದೆ.

ಹಳೆಯ ಟಿವಿ ಮತ್ತು ರೇಡಿಯೋ ಮೆಕ್ಯಾನಿಕ್‌ಗಳು, ನಿವೃತ್ತ ಇಂಜಿನಿಯರಿಂಗ್ ಕಾಲೇಜು ಉಪನ್ಯಾಸಕರು, ಮುಚ್ಚಿಹೋದ ಕಂಪ್ಯೂಟರ್ ಕ್ಲಾಸಿನವರು, ಇವರನ್ನು ಕೇಳಿ. ಸರ್ಕಾರಿ ಶಾಲೆ ಕಾಲೇಜಿನ ಸ್ಟೋರ್ ರೂಮಿನಲ್ಲಿರುವುದನ್ನು ಮಾತ್ರ ಯಾರೋ ಸಿಬ್ಬಂದಿ ‘ತಗೊಂಡು ಹೋಗಿ’ ಎಂದರೂ ಮುಟ್ಟಬೇಡಿ. ಅದು ದಾಸ್ತಾನು ಪುಸ್ತಕದಲ್ಲಿರುವ ಆಸ್ತಿ, ಹರಾಜಿನ ಮೂಲಕ ರಸೀದಿ ಸಮೇತ ಬರಬೇಕು.

ನೋಡಲು ಹೋಗುವಾಗ ಟಾರ್ಚ್, ಸ್ಕ್ರೂಡ್ರೈವರ್, ಮಲ್ಟಿಮೀಟರ್ ಜೇಬಿನಲ್ಲಿರಲಿ. ಮೊದಲು ಗಾಳಿ ಕಿಂಡಿಗೆ ಮೂಗಿಟ್ಟು ವಾಸನೆ ನೋಡಿ. ಸುಟ್ಟ ವಾಸನೆ ಬಂದರೆ ಪವರ್ ಸಪ್ಲೈ ಹೋಗಿರುವ ಸಂಭವ ಹೆಚ್ಚು. ಮೀನಿನಂಥ ವಾಸನೆ ಬಂದರೆ ಕೆಪಾಸಿಟರ್ (ವಿದ್ಯುತ್ ಹಿಡಿದಿಡುವ ಬಿಡಿಭಾಗ) ಸೋರಿದೆ. ಇಲಿ ಉಚ್ಚೆಯ ಘಾಟು ಬಂದರೆ ಬೋರ್ಡಿನ ತಾಮ್ರದ ಗೆರೆಗಳನ್ನು ಅದು ತಿಂದಿರುತ್ತದೆ. ಸ್ಕ್ರೂ ತಲೆಗಳು ಕಿತ್ತಿವೆಯೇ, ಒಳಗೆ ಯಾರಾದರೂ ಕೈ ಹಾಕಿದ್ದಾರೆಯೇ ನೋಡಿ. ಬಿಬಿಸಿ ಮೈಕ್ರೋ ಆದರೆ ಮುಚ್ಚಳ ತೆಗೆಸಿ. ಕೀಬೋರ್ಡಿನ ಕೆಳಗೆ ಬಲಗಡೆ ರೋಮ್ (ಅಳಿಯದ ಪ್ರೋಗ್ರಾಂ ಇರುವ) ಚಿಪ್‌ಗಳಿಗೆ ಐದು ಸಾಕೆಟ್ ಇವೆ. ಆಪರೇಟಿಂಗ್ ಸಿಸ್ಟಮ್ ಚಿಪ್ ಮತ್ತು ಬೇಸಿಕ್ ಚಿಪ್ ಎರಡೂ ಇರಲೇಬೇಕು. ಈ ಎರಡರ ಸಾಕೆಟ್ ಖಾಲಿ ಇದ್ದರೆ ಬೆಲೆ ಅರ್ಧಕ್ಕಿಳಿಸಿ ಮಾತಾಡಿ.

ಮಾರುವವರು ‘ಹೋದ ವರ್ಷ ವರ್ಕ್ ಆಗ್ತಿತ್ತು’ ಅನ್ನುವುದು ಸಾಮಾನ್ಯ. ಅದು ಸುಳ್ಳೇ ಇರಬೇಕೆಂದಿಲ್ಲ. ಆದರೂ ನಿಮ್ಮ ಕಣ್ಣೆದುರು ಪರದೆಯ ಮೇಲೆ ಬರಹ ಮೂಡದಿದ್ದರೆ, ಕೆಟ್ಟಿದೆ ಎಂದುಕೊಂಡೇ ಬೆಲೆ ಕಟ್ಟಿ. ‘ಈಗಲೇ ಆನ್ ಮಾಡಿ ತೋರಿಸ್ತೀನಿ’ ಎಂದರೆ ತಡೆಯಿರಿ.

ಮನೆಗೆ ತಂದ ಮೇಲೆ

ಮುಚ್ಚಳ ಬಿಚ್ಚಿ. ಮೃದು ಬ್ರಷ್ಷಿನಿಂದ ಧೂಳು ತೆಗೆಯಿರಿ. ಚಿತ್ರದುರ್ಗದ ಗಾಳಿಗೆ ಬಂದು ಕೂತದ್ದು ಒಣ ಮಣ್ಣು, ಬ್ರಷ್ಷಿಗೇ ಬಿಡುತ್ತದೆ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳ ಹತ್ತಿರದ ಮನೆಯಿಂದ ಬಂದ ಯಂತ್ರವಾದರೆ ಜಿಡ್ಡು ಮಸಿ ಅಂಟಿರಬಹುದು. ಅದಕ್ಕೆ 99 ಶೇಕಡಾದ ಐಸೋಪ್ರೊಪೈಲ್ ಆಲ್ಕೋಹಾಲ್ ಮತ್ತು ಹಳೇ ಟೂತ್‌ಬ್ರಷ್ ಬೇಕು. ಮೆಡಿಕಲ್ ಶಾಪಿನ 70 ಶೇಕಡಾದ್ದರಲ್ಲಿ ನೀರು ಹೆಚ್ಚು. ಬಳಸಿದರೆ ಒಂದು ದಿನ ಪೂರ್ತಿ ಒಣಗಲು ಬಿಡಿ.

ಪಿಸಿ ಆಗಿದ್ದರೆ ಬ್ಯಾಟರಿ ಹುಡುಕಿ. 286ರಿಂದ 486ರವರೆಗಿನ ಬಹಳಷ್ಟು ಬೋರ್ಡ್‌ಗಳಲ್ಲಿ ಬೆರಳಿನ ಗೆಣ್ಣಿನಷ್ಟು ಉದ್ದದ, ನೀಲಿ ಅಥವಾ ಹಸಿರು ಪೀಪಾಯಿಯಂಥ 3.6 ವೋಲ್ಟಿನ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಇರುತ್ತದೆ. ಸೋರದಿದ್ದರೂ ಕತ್ತರಿಸಿ ತೆಗೆಯಿರಿ, ಇವತ್ತಲ್ಲ ನಾಳೆ ಸೋರುತ್ತದೆ. ಸುತ್ತ ಹಸಿರು ಹುಡಿ ಕಂಡರೆ ಅದು ಸೋರಿದ ಕ್ಷಾರದ ಗುರುತು. ಬಿಳಿ ವಿನೆಗರ್‌ನಲ್ಲಿ ಅದ್ದಿದ ಇಯರ್‌ಬಡ್‌ನಿಂದ ನೊರೆ ನಿಲ್ಲುವವರೆಗೆ ಒರೆಸಿ, ಆಮೇಲೆ ಆಲ್ಕೋಹಾಲ್‌ನಿಂದ ತೊಳೆಯಿರಿ. ನಂತರ ಮಲ್ಟಿಮೀಟರ್ ಬೀಪ್‌ನಲ್ಲಿಟ್ಟು ಆ ಭಾಗದ ಒಂದೊಂದೇ ಗೆರೆ ತುಂಡಾಗಿಲ್ಲವೇ ಎಂದು ಪರೀಕ್ಷಿಸಿ. ಅದರ ಜಾಗಕ್ಕೆ ಲಿಥಿಯಂ ಬಿಲ್ಲೆ ಸೆಲ್ ಹಾಕುವುದಾದರೆ ಮಧ್ಯೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಡಯೋಡ್ ಇರಲೇಬೇಕು. ಹಳೇ ಬೋರ್ಡ್ ಬ್ಯಾಟರಿಯನ್ನು ಚಾರ್ಜ್ ಮಾಡಲು ನೋಡುತ್ತದೆ, ಲಿಥಿಯಂ ಸೆಲ್ ಅದನ್ನು ತಡೆದುಕೊಳ್ಳುವುದಿಲ್ಲ.

ಬಿಬಿಸಿ ಮೈಕ್ರೋ ಆಗಿದ್ದರೆ ಪವರ್ ಸಪ್ಲೈ ಡಬ್ಬಿ ಬಿಚ್ಚಿ ರಿಫಾ ಎಂಬ ಕಂಪನಿಯ ಕೆಪಾಸಿಟರ್ ನೋಡಿ. ಪಾರದರ್ಶಕ ಜೇನುಬಣ್ಣದ ಚೌಕ ಬಿಲ್ಲೆ, ಮೈಮೇಲೆ ಜೇಡರ ಬಲೆಯಂತೆ ಸಣ್ಣ ಬಿರುಕು. ಒಳಗಿರುವುದು ಕಾಗದದ ಪದರ. ಬಿರುಕಿನಿಂದ ತೇವ ಹೊಕ್ಕಿರುತ್ತದೆ, 230 ವೋಲ್ಟ್ ಬಿದ್ದ ಕೆಲವೇ ನಿಮಿಷಕ್ಕೆ ‘ಢಪ್’ ಎಂದು ಒಡೆದು ಕೋಣೆ ತುಂಬ ಘಾಟು ಹೊಗೆ ತುಂಬುತ್ತದೆ. ಬಿರುಕು ಕಾಣದಿದ್ದರೂ ಬದಲಿಸಿ. ಮೈಮೇಲೆ ಬರೆದಿರುವ ಮೌಲ್ಯವನ್ನೇ ಓದಿ, ಅದೇ ಮೌಲ್ಯದ ಎಕ್ಸ್2 ದರ್ಜೆಯ, ಅಂದರೆ ಗೋಡೆಯ ಕರೆಂಟಿಗೆಂದೇ ಮಾಡಿದ ಹೊಸದನ್ನು ಹಾಕಿ. ಸಾಮಾನ್ಯ ಕೆಪಾಸಿಟರ್ ಇಲ್ಲಿ ಕೂಡದು. ಊರಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಗುತ್ತದೆ. ಈ ಡಬ್ಬಿಯೊಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟಿಗೂ ಮೇಲೆ ವಿದ್ಯುತ್ ಉಳಿದಿರಬಹುದು. ಪ್ಲಗ್ ಕಿತ್ತು ಹತ್ತು ನಿಮಿಷ ಕಾಯಿರಿ, ಮೀಟರ್‌ನಲ್ಲಿ ಸೊನ್ನೆ ಹತ್ತಿರ ಬಂದದ್ದನ್ನು ನೋಡಿಯೇ ಕೈ ಹಾಕಿ. ಪಿಕ್ಚರ್ ಟ್ಯೂಬ್ ಇರುವ ಮಾನಿಟರ್ ಒಳಗಂತೂ ಹೋಗಲೇಬೇಡಿ. ಅಲ್ಲಿರುವುದು ಸಾವಿರಾರು ವೋಲ್ಟ್, ಅನುಭವಿ ಟಿವಿ ಮೆಕ್ಯಾನಿಕ್‌ಗೇ ಬಿಡಿ.

ಮೊದಲ ಸಲ ಕರೆಂಟ್ ಕೊಡುವುದು

ಗೋಡೆಯಿಂದ ಶುರುಮಾಡಿ. ಹಳೆಯ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇದ್ದರೂ ಅರ್ಥಿಂಗ್ ಇರುವುದಿಲ್ಲ. ಫೇಸ್ ಮತ್ತು ಅರ್ಥ್ ನಡುವೆ 230ರ ಹತ್ತಿರ, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟ್ ಮಾತ್ರ ತೋರಿಸಬೇಕು. ಇಲ್ಲವಾದರೆ ಎಲೆಕ್ಟ್ರಿಷಿಯನ್ ಕರೆಸಿ, ಕಂಪ್ಯೂಟರ್ ಆಮೇಲೆ.

ಎರಡನೆಯದು ಸೀರೀಸ್ ಬಲ್ಬ್. ನಮ್ಮ ಟಿವಿ ರಿಪೇರಿ ಅಂಗಡಿಗಳಲ್ಲೆಲ್ಲ ಇರುವ ಬೋರ್ಡು ಇದು. 60 ವ್ಯಾಟಿನ ಹಳೇ ನಮೂನೆಯ ತಂತಿ ಬಲ್ಬನ್ನು ಫೇಸ್ ಲೈನಿನಲ್ಲಿ ಸರಣಿಯಾಗಿ ಸೇರಿಸಿದರೆ ಆಯಿತು. ಎಲ್‌ಇಡಿ ಬಲ್ಬ್ ಇದಕ್ಕೆ ಬರುವುದಿಲ್ಲ. ಪವರ್ ಸಪ್ಲೈ ಸರಿ ಇದ್ದರೆ ಬಲ್ಬ್ ಒಮ್ಮೆ ಮಿನುಗಿ ಮಂಕಾಗುತ್ತದೆ. ಝಗ್ ಎಂದು ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ, ಕೂಡಲೇ ಆಫ್ ಮಾಡಿ.

ಈ ಹಂತದಲ್ಲಿ ಪವರ್ ಸಪ್ಲೈ ಒಂದೇ ಇರಲಿ, ಬೋರ್ಡಿಗೆ ಜೋಡಿಸಬೇಡಿ. ಎಸ್‌ಎಂಪಿಎಸ್ (ಬಿಬಿಸಿ, ಪಿಸಿಗಳಲ್ಲಿರುವ ಸ್ವಿಚಿಂಗ್ ಬಗೆಯ ಸಪ್ಲೈ) ಆದರೆ ಲೋಡ್, ಅಂದರೆ ಕರೆಂಟ್ ಎಳೆಯುವ ಏನಾದರೂ ಇಲ್ಲದೆ ಅದು ಏಳದೆಯೂ ಇರಬಹುದು. 5 ವೋಲ್ಟಿನ ತಂತಿಗೂ ಗ್ರೌಂಡಿಗೂ ನಡುವೆ 5 ಓಮ್, 10 ವ್ಯಾಟಿನ ಬಿಳಿ ಸಿಮೆಂಟ್ ರೆಸಿಸ್ಟರ್ ಹಾಕಿ. 1 ಆಂಪಿಯರ್ ಎಳೆಯುತ್ತದೆ, ಬಿಸಿಯಾಗುತ್ತದೆ, ಮುಟ್ಟಬೇಡಿ. ಬಲ್ಬ್ ಮಂಕಾಗಿದ್ದರೆ ಅದನ್ನು ತೆಗೆದು ನೇರ ಕರೆಂಟ್ ಕೊಟ್ಟು ಅಳೆಯಿರಿ. 4.75ರಿಂದ 5.25ರ ಒಳಗಿದ್ದರೆ ಸರಿ. ಹದಿನೈದು ನಿಮಿಷ ಬಿಟ್ಟು ಮತ್ತೆ ಅಳೆಯಿರಿ, ಬಿಸಿಯಾದ ಮೇಲೆ ಏರುವ ಸಪ್ಲೈಗಳಿವೆ.

ಕೊಮೊಡೋರ್ 64ರ ಕಪ್ಪು ಇಟ್ಟಿಗೆಯಂಥ ಅಡಾಪ್ಟರ್‌ಗೆ ಇದೇ ರೋಗ. ಒಳಗೆ ಎಪಾಕ್ಸಿ ತುಂಬಿರುವುದರಿಂದ ಶಾಖ ಹೊರಹೋಗುವುದಿಲ್ಲ, ವೋಲ್ಟ್ ಹದ್ದುಬಸ್ತಿನಲ್ಲಿಡುವ ರೆಗ್ಯುಲೇಟರ್ ಕೆಡುತ್ತದೆ. 5 ವೋಲ್ಟ್ ಇರಬೇಕಾದಲ್ಲಿ ಏಳೋ ಎಂಟೋ ಆಗಿ ಮೆಮೊರಿ ಚಿಪ್‌ಗಳು ಸಾಲಾಗಿ ಸಾಯುತ್ತವೆ. ಅಳತೆ ಇವತ್ತು ಸರಿ ಬಂದರೂ ಆ ಮೂಲ ಅಡಾಪ್ಟರನ್ನು ನೆನಪಿಗಷ್ಟೇ ಇಟ್ಟುಕೊಂಡು ಹೊಸದು ಮಾಡಿಸಿ. ಇದರಲ್ಲಿ ಎರಡು ಬಗೆಯ ವಿದ್ಯುತ್ ಇದೆ ಎಂಬುದನ್ನು ಮೆಕ್ಯಾನಿಕ್‌ಗೆ ಹೇಳಿ: 5 ವೋಲ್ಟ್ ಡಿಸಿ, 9 ವೋಲ್ಟ್ ಎಸಿ. ಅಮೆರಿಕದಿಂದ ಬಂದ ಯಂತ್ರವಾದರೆ ಅಡಾಪ್ಟರ್ 110 ವೋಲ್ಟಿನದು, ನಮ್ಮ ಸಾಕೆಟ್ಟಿಗೆ ನೇರ ಹಾಕಿದರೆ ಸುಟ್ಟಿತು.

ಸ್ಪೆಕ್ಟ್ರಮ್‌ನ ಕಥೆ ಬೇರೆ. ಅದಕ್ಕೆ ಬೇಕಾದ್ದು 9 ವೋಲ್ಟ್ ಡಿಸಿ, 1.4 ಆಂಪಿಯರ್. ಆದರೆ ಪಿನ್ನಿನ ನಡುಭಾಗ ಮೈನಸ್. ಅಂಗಡಿಯಲ್ಲಿ ಸಿಗುವ 9 ವೋಲ್ಟ್ ಅಡಾಪ್ಟರ್‌ಗಳಲ್ಲಿ ಹೆಚ್ಚಿನವು ನಡುವೆ ಪ್ಲಸ್. ಪಿನ್ ಸರಿಯಾಗಿ ಕೂರುತ್ತದೆ, ಯಂತ್ರ ಹೋಗುತ್ತದೆ. ತಂತಿ ಅದಲುಬದಲು ಮಾಡಿ, ಮೀಟರ್‌ನಲ್ಲಿ ನೋಡಿ, ಅಡಾಪ್ಟರ್ ಮೇಲೆ ‘ಸ್ಪೆಕ್ಟ್ರಮ್ ಮಾತ್ರ’ ಎಂದು ಚೀಟಿ ಅಂಟಿಸಿ. ಮೂಲ ಅಡಾಪ್ಟರ್ ಇದ್ದರೆ ಲೋಡ್ ಇಲ್ಲದೆ ಅಳೆದಾಗ 13 ವೋಲ್ಟ್ ತೋರಿಸಿದರೆ ಹೆದರಬೇಡಿ. ಅದು ರೆಗ್ಯುಲೇಟ್ ಆಗದ ಅಡಾಪ್ಟರ್, ಯಂತ್ರ ಜೋಡಿಸಿದಾಗ ಇಳಿಯುತ್ತದೆ.

ಹಳೇ ಪಿಸಿಯ ಎಟಿ ಎಂಬ ನಮೂನೆಯ ಸಪ್ಲೈನಲ್ಲಿ ಬೋರ್ಡಿಗೆ ಹೋಗುವ ಎರಡು ಪ್ಲಗ್ ಅಕ್ಕಪಕ್ಕ ಕೂರುತ್ತವೆ. ಎರಡರ ಕಪ್ಪು ತಂತಿಗಳೂ ನಡುವೆ ಸೇರಬೇಕು. ತಿರುಗಿಸಿ ಹಾಕಿದರೂ ಹಿಡಿಯುತ್ತದೆ, ಹಿಡಿದರೆ ಬೋರ್ಡ್ ಉಳಿಯದು. ಈ ಪಿಸಿಗಳ ಮುಂದಿನ ಸ್ವಿಚ್ಚಿಗೆ ನೇರ 230 ವೋಲ್ಟ್ ಬಂದಿರುತ್ತದೆ, ಮುಚ್ಚಳ ತೆಗೆದಾಗ ಆ ಕಡೆ ಬೆರಳು ಹೋಗದಿರಲಿ.

ಆನ್ ಆಯಿತು, ಆದರೆ...

ಬಿಬಿಸಿ ಮೈಕ್ರೋ ಆರೋಗ್ಯವಾಗಿದ್ದರೆ ಒಂದು ದಪ್ಪ ದನಿ, ಹಿಂದೆಯೇ ಒಂದು ಸಣ್ಣ ಬೀಪ್. ದಪ್ಪ ದನಿ ನಿಲ್ಲದೆ ಹಾಗೇ ಎಳೆದರೆ ಯಂತ್ರ ಅರ್ಧದಾರಿಯಲ್ಲಿ ನಿಂತಿದೆ. ಹೆಚ್ಚಿನ ಸಲ ಸಾಕೆಟ್‌ನಲ್ಲಿ ಚಿಪ್ ಸಡಿಲವಾಗಿರುತ್ತದೆ. ಆಫ್ ಮಾಡಿ, ಒಂದೊಂದೇ ಚಿಪ್ಪನ್ನು ಸ್ವಲ್ಪ ಎತ್ತಿ ಮತ್ತೆ ಒತ್ತಿ ಕೂರಿಸಿ.

ಸ್ಪೆಕ್ಟ್ರಮ್‌ನಲ್ಲಿ ಪರದೆ ತುಂಬ ಪಟ್ಟೆ ಮತ್ತು ಚೌಕಗಳು ಬಂದು ನಿಂತರೆ ಕೆಳಗಿನ 16 ಕೆಬಿ ಮೆಮೊರಿಯ ಎಂಟು ಚಿಪ್‌ಗಳತ್ತ ನೋಡಿ. 4116 ಎಂಬ ಈ ಚಿಪ್ಪಿಗೆ ಮೂರು ವೋಲ್ಟೇಜ್ ಬೇಕು: 1ನೇ ಕಾಲಿಗೆ ಮೈನಸ್ 5, 8ನೇ ಕಾಲಿಗೆ 12, 9ನೇ ಕಾಲಿಗೆ 5. 16ನೇ ಕಾಲು ಗ್ರೌಂಡ್. ಮೈನಸ್ 5 ತಪ್ಪಿ 12 ಬರುತ್ತಲೇ ಇದ್ದರೆ ಚಿಪ್ ಕೆಡುತ್ತದೆ. ಹಾಗಾಗಿ ಮೊದಲು ಈ ವೋಲ್ಟೇಜ್ ಮಾಡುವ, ಬೋರ್ಡಿನ ಮೇಲೆ ಟಿಆರ್4 ಎಂದು ಗುರುತಿರುವ ಟ್ರಾನ್ಸಿಸ್ಟರ್ ಸುತ್ತ ಸರಿಪಡಿಸಿ, ಆಮೇಲೆ ಚಿಪ್ ಬದಲಿಸಿ. ಉಲ್ಟಾ ಮಾಡಿದರೆ ಹೊಸ ಚಿಪ್ಪೂ ಹೋಗುತ್ತದೆ. ಕೀ ಒಂದೂ ಕೆಲಸ ಮಾಡದಿದ್ದರೆ ಕೀಬೋರ್ಡ್ ಪೊರೆಯ ಪಟ್ಟಿ ಒಣಗಿ ಮುರಿದಿದೆ ಎಂದೇ ಅರ್ಥ, ಹೊಸ ಪೊರೆ ತರಿಸಬೇಕು. ಇನ್ನೊಂದು, ಸ್ಪೆಕ್ಟ್ರಮ್ ಆನ್ ಇರುವಾಗ ಹಿಂಬದಿಯ ಕನೆಕ್ಟರ್‌ಗೆ ಏನನ್ನೂ ಸಿಕ್ಕಿಸಬೇಡಿ, ಕೀಳಲೂಬೇಡಿ.

ಟಿವಿಗೆ ಜೋಡಿಸುವಾಗ ಹಳೇ ಪಿಕ್ಚರ್ ಟ್ಯೂಬ್ ಟಿವಿ ಇದ್ದರೆ ಅರ್ಧ ಕೆಲಸ ಹಗುರ. ಸ್ಪೆಕ್ಟ್ರಮ್‌ನ ಸಿಗ್ನಲ್ ಯುಎಚ್‌ಎಫ್ ಚಾನೆಲ್ 36ರ ಹತ್ತಿರ ಸಿಗುತ್ತದೆ. ಬ್ರಿಟನ್‌ನಿಂದ ಬಂದ ಕೊಮೊಡೋರ್‌ನಲ್ಲಿ ಚಿತ್ರ ಚೆನ್ನಾಗಿ ಬಂದು ಸದ್ದಿನ ಜಾಗದಲ್ಲಿ ಬರೀ ಭುಸ್ ಎಂದರೆ ಯಂತ್ರದ ತಪ್ಪಲ್ಲ. ಅವರ ಟಿವಿ ಪದ್ಧತಿಯಲ್ಲಿ ಧ್ವನಿ 6 ಮೆಗಾಹರ್ಟ್ಸ್ ದೂರದಲ್ಲಿರುತ್ತದೆ, ನಮ್ಮದರಲ್ಲಿ 5.5. ಎವಿ ಸಾಕೆಟ್ಟಿನಿಂದ ಹಳದಿ ಮತ್ತು ಬಿಳಿ ಪಿನ್ನಿನ ತಂತಿ ಮಾಡಿಸಿದರೆ ಎರಡೂ ಸರಿಹೋಗುತ್ತವೆ. ಮನೆಯಲ್ಲಿರುವ ವಿಜಿಎ ಮಾನಿಟರ್ ಇವಕ್ಕೆ ನೇರ ಹೊಂದುವುದಿಲ್ಲ. ಅದು ಕೇಳುವುದು 31 ಕಿಲೋಹರ್ಟ್ಸ್, ಈ ಯಂತ್ರಗಳು ಕೊಡುವುದು 15ರ ಆಸುಪಾಸು.

ಚೌಕ ತರಂಗದ ಹಳೇ ಇನ್ವರ್ಟರ್ ಮೇಲೆ ಟ್ರಾನ್ಸ್‌ಫಾರ್ಮರ್ ಅಡಾಪ್ಟರ್ ಓಡಿಸಬೇಡಿ, ಗುಂಯ್ ಎನ್ನುತ್ತಾ ಬಿಸಿಯಾಗುತ್ತದೆ. ಕರೆಂಟ್ ಹೋದರೆ ಯಂತ್ರದ ಪಿನ್ ಕಿತ್ತಿಡಿ, ಮರಳಿ ಬರುವಾಗಿನ ಹೊಡೆತ ತಪ್ಪುತ್ತದೆ.

ಕ್ಯಾಸೆಟ್, ಫ್ಲಾಪಿ

ಟೇಪ್ ರೆಕಾರ್ಡರ್‌ನ (ಈ ಯಂತ್ರಗಳು ಪ್ರೋಗ್ರಾಂ ಓದುವುದು, ಉಳಿಸುವುದು ಮಾಮೂಲಿ ಕ್ಯಾಸೆಟ್ಟಿನಲ್ಲಿ) ಬೆಲ್ಟ್ ಜಿಗುಟಾಗಿದ್ದರೆ ಬದಲಿಸಿ, ಹೆಡ್ ಅನ್ನು ಆಲ್ಕೋಹಾಲ್‌ನಲ್ಲಿ ಒರೆಸಿ. ಸ್ಪೆಕ್ಟ್ರಮ್‌ನಲ್ಲಿ ‘ಜೆ’ ಒತ್ತಿದರೆ ‘ಲೋಡ್’. ಸಿಂಬಲ್ ಶಿಫ್ಟ್ ಹಿಡಿದು ‘ಪಿ’ ಎರಡು ಸಲ, ಎಂಟರ್. ಈಗ ಪರದೆಯ ಅಂಚು ನೋಡಿ. ಮೊದಲು ಕೆಂಪು ಮತ್ತು ತಿಳಿನೀಲಿಯ ಅಗಲ ಪಟ್ಟೆಗಳು ನಿಧಾನಕ್ಕೆ ಹರಿಯುತ್ತವೆ, ಆಮೇಲೆ ನೀಲಿ ಮತ್ತು ಹಳದಿಯ ಸಣ್ಣ ಗೆರೆಗಳು ತರತರ ನಡುಗುತ್ತವೆ. ಕೆಂಪು, ತಿಳಿನೀಲಿ ಪಟ್ಟೆಗಳು ಒಂದೇ ಅಗಲ ಇದ್ದರೆ ವಾಲ್ಯೂಮ್ ಸರಿಯಾಗಿದೆ. ಒಂದು ದಪ್ಪ ಒಂದು ತೆಳು ಆದರೆ ವಾಲ್ಯೂಮ್ ತಿದ್ದಿ. ಮುಕ್ಕಾಲು ಭಾಗದಿಂದ ಶುರುಮಾಡಿ. ತಿದ್ದಿದರೂ ಟೇಪ್ ಎರರ್ ಬಂದರೆ ಹೆಡ್ಡಿನ ಪಕ್ಕದ ಪುಟ್ಟ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಸದ್ದು ಚುರುಕಾಗಿ ಕೇಳುವ ಜಾಗ ಹಿಡಿಯಿರಿ.

ಕ್ಯಾಸೆಟ್ ಬದಲು ಮೊಬೈಲ್‌ನಿಂದಲೂ ಲೋಡ್ ಮಾಡಬಹುದು. ಎಂಪಿ3 ಬೇಡ, ವೇವ್ ಫೈಲ್ ಇರಲಿ. ವಾಲ್ಯೂಮ್ ಪೂರ್ತಿ, ಈಕ್ವಲೈಜರ್ ಆಫ್, ಏರೋಪ್ಲೇನ್ ಮೋಡ್ ಆನ್. ಐದು ನಿಮಿಷದ ಲೋಡಿನ ನಾಲ್ಕನೇ ನಿಮಿಷಕ್ಕೆ ವಾಟ್ಸಾಪ್ ‘ಟಿಂಗ್’ ಎಂದರೆ ಮತ್ತೆ ಮೊದಲಿನಿಂದ. ಕೆಲವು ಫೋನ್‌ಗಳ ಸದ್ದು ಸಾಲದು, ಆಗ ಮಧ್ಯೆ ಸಣ್ಣ ಆಂಪ್ಲಿಫೈಯರ್ ಬೇಕು.

ಫ್ಲಾಪಿಯನ್ನು ಬೆಳಕಿಗೆ ಹಿಡಿದು ನೋಡಿ. ತಟ್ಟೆಯ ಮೇಲೆ ಬಿಳಿ ಚುಕ್ಕೆ ಇದ್ದರೆ ಬೂಷ್ಟು. ಡ್ರೈವಿಗೆ ಹಾಕಿದರೆ ಹೆಡ್ ಕೊಳೆಯಾಗಿ ಮುಂದಿನ ಒಳ್ಳೆಯ ಫ್ಲಾಪಿಯನ್ನೂ ಕೆರೆಯುತ್ತದೆ. ಡ್ರೈವ್ ಪೂರ್ತಿ ಹೋಗಿದ್ದರೆ ಪೆನ್‌ಡ್ರೈವ್ ಹಾಕುವ ಗೋಟೆಕ್ ಎಂಬ ಬದಲಿ ಡ್ರೈವ್ ಸಾಕು.

ಹಳದಿಯಾದ ಮೈ

ಬಿಬಿಸಿ, ಪಿಸಿಗಳ ಬಿಳಿ ಪ್ಲಾಸ್ಟಿಕ್ ಹಳದಿಯಾಗಿದ್ದರೆ ಸಲೂನ್ ಸಾಮಾನಿನ ಅಂಗಡಿಯಲ್ಲಿ 40 ವಾಲ್ಯೂಮ್ ಡೆವಲಪರ್ ಕ್ರೀಮ್ ಕೇಳಿ. ಅದು 12 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್. ಬೋರ್ಡ್, ಸ್ಕ್ರೂ, ಸ್ಪ್ರಿಂಗ್, ಲೇಬಲ್ ಎಲ್ಲ ತೆಗೆದು, ಕೈಗವಸು ಹಾಕಿಕೊಂಡು ಸಮನಾಗಿ ಬಳಿದು, ಅಡುಗೆಮನೆಯ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ ಬಿಸಿಲಿಗಿಡಿ. ನಮ್ಮ ಕಡೆಯ ಬಿಸಿಲಿಗೆ ಇದು ಬೇಗ ಆಗುತ್ತದೆ, ಅಪಾಯವೂ ಅಲ್ಲೇ ಇದೆ. ಏಪ್ರಿಲ್ ಮಧ್ಯಾಹ್ನ ತಾರಸಿಯ ಮೇಲಿಟ್ಟರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ, ಕ್ರೀಮ್ ಒಣಗಿದ ಕಡೆ ಬಿಳಿ ಕಲೆ ಉಳಿಯುತ್ತದೆ. ಬೆಳಿಗ್ಗೆ ಎಂಟರಿಂದ ಹನ್ನೊಂದು ಸಾಕು, ಅರ್ಧ ಗಂಟೆಗೊಮ್ಮೆ ತಿರುಗಿಸಿ ಮತ್ತೆ ಬಳಿಯಿರಿ. ಹಳದಿ ಕೆಲ ವರ್ಷಕ್ಕೆ ಮರಳಬಹುದು. ಬಣ್ಣ ಬಳಿಯುವುದು ಮಾತ್ರ ಬೇಡ, ಯಂತ್ರದ ಬೆಲೆಯೂ ಅಂದವೂ ಅಲ್ಲಿಗೇ ಹೋಯಿತು.

ಮಾರುವಾಗ

ಮೂರು ಪದ ಸ್ಪಷ್ಟವಾಗಿರಲಿ: ಪರೀಕ್ಷಿಸಿಲ್ಲ, ನಡೆಯುತ್ತದೆ, ರಿಪೇರಿ ಮಾಡಿದೆ. ರಿಪೇರಿ ಮಾಡಿದ್ದರೆ ಏನು ಬದಲಿಸಿದಿರಿ ಎಂದು ಬರೆದು, ತೆಗೆದ ಹಳೇ ಭಾಗಗಳನ್ನು ಪೊಟ್ಟಣ ಕಟ್ಟಿ ಜೊತೆಗೇ ಕೊಡಿ. ಫೋಟೋದಲ್ಲಿ ಬೋರ್ಡ್, ಸೀರಿಯಲ್ ನಂಬರ್, ಉರಿಯುತ್ತಿರುವ ಪರದೆ ಮೂರೂ ಕಾಣಬೇಕು. ಅಡಾಪ್ಟರ್, ಪುಸ್ತಕ, ಕ್ಯಾಸೆಟ್ ಬಿಡಿಬಿಡಿಯಾಗಿ ಮಾರಬೇಡಿ. ಕೂಡಿಟ್ಟಾಗ ಬರುವ ಬೆಲೆ ಒಡೆದರೆ ಬರುವುದಿಲ್ಲ.

ಬಸ್ ಪಾರ್ಸೆಲ್‌ನಲ್ಲಿ ಕಳಿಸುವುದಾದರೆ ಅಡಾಪ್ಟರನ್ನು ಬೇರೆ ಡಬ್ಬಿಗೆ ಹಾಕಿ. ಒಂದೇ ಡಬ್ಬಿಯಲ್ಲಿಟ್ಟರೆ ಅದೇ ಸುತ್ತಿಗೆಯಾಗಿ ಕೀಬೋರ್ಡ್ ಒಡೆಯುತ್ತದೆ. ಯಂತ್ರಕ್ಕೆ ಎಲ್ಲ ಬದಿ ಎರಡು ಇಂಚು ಮೆತ್ತೆ, ಹೊರಗೊಂದು ಇನ್ನೂ ದೊಡ್ಡ ಡಬ್ಬಿ. ಪಿಕ್ಚರ್ ಟ್ಯೂಬ್ ಮಾನಿಟರ್ ಪಾರ್ಸೆಲ್ ಬೇಡ, ಬಂದು ಒಯ್ಯುವವರಿಗೇ ಕೊಡಿ. ಉಳಿದ ಸತ್ತ ಬೋರ್ಡ್, ಬ್ಯಾಟರಿಗಳನ್ನು ಅಧಿಕೃತ ಇ-ತ್ಯಾಜ್ಯ ಸಂಗ್ರಹಕ್ಕೆ ಹಾಕಿ. ತಾಮ್ರಕ್ಕಾಗಿ ತಂತಿ ಸುಡುವವರ ಕೈಗೆ ಕೊಡಬೇಡಿ.

ಮಾಡಿ ನೋಡಲು ಒಂದು ಕೆಲಸ

ಯಂತ್ರ ನಡೆಯಿತು ಎಂದರೆ ಆಟ ಲೋಡ್ ಮಾಡುವ ಮೊದಲು ಅದರಲ್ಲಿ ಒಂದು ಕನ್ನಡ ಅಕ್ಷರ ಮೂಡಿಸಿ. ಲೆಕ್ಕದ ಚೌಕಳಿ ಪುಸ್ತಕದಲ್ಲಿ ಎಂಟು ಸಾಲು, ಎಂಟು ಕಂಬದ ಚೌಕ ಎಳೆದು ‘ಠ’ ಬರೆಯಿರಿ. ಮೇಲೊಂದು ತಲೆಕಟ್ಟು, ಸಣ್ಣ ಕುತ್ತಿಗೆ, ಕೆಳಗೆ ದುಂಡು, ದುಂಡಿನ ನಡುವೆ ನಾಲ್ಕು ಚೌಕದ ಬೊಟ್ಟು. ಎಡದಿಂದ ಕಂಬಗಳ ಬೆಲೆ 128, 64, 32, 16, 8, 4, 2, 1. ತುಂಬಿದ ಚೌಕಗಳನ್ನು ಕೂಡಿದರೆ ಸಾಲುಗಳು 126, 24, 60, 66, 153, 153, 66, 60 ಆಗುತ್ತವೆ.

48 ಕೆಬಿ ಸ್ಪೆಕ್ಟ್ರಮ್‌ನಲ್ಲಿ ಈ ಎಂಟು ಸಂಖ್ಯೆಗಳನ್ನು 65368ರಿಂದ 65375ರವರೆಗಿನ ಮೆಮೊರಿ ವಿಳಾಸಗಳಿಗೆ ‘ಪೋಕ್’ ಆಜ್ಞೆಯಿಂದ ಬರೆಯಿರಿ. 16 ಕೆಬಿ ಯಂತ್ರವಾದರೆ 32600ರಿಂದ. ನಂತರ ಕ್ಯಾಪ್ಸ್ ಶಿಫ್ಟ್ ಜೊತೆ 9 ಒತ್ತಿ ‘ಎ’ ಒತ್ತಿದರೆ ‘ಠ’ ಬರುತ್ತದೆ. ಬಿಬಿಸಿಯಲ್ಲಿ ‘ವಿಡಿಯು 23, 224’ ಎಂದು ಬರೆದು ಮುಂದೆ ಅವೇ ಎಂಟು ಸಂಖ್ಯೆ. ಆಗ 224ನೇ ಅಕ್ಷರ ‘ಠ’ ಆಗುತ್ತದೆ. ಬಿಬಿಸಿ ಆನ್ ಆದಾಗ ಇರುವ 7ನೇ ಮೋಡ್‌ನಲ್ಲಿ ಇದು ಕಾಣುವುದಿಲ್ಲ, ಮೊದಲು ‘ಮೋಡ್ 4’ಕ್ಕೆ ಬನ್ನಿ. ಸ್ಪೆಕ್ಟ್ರಮ್‌ನಲ್ಲಿ ಇಂಥ ಅಕ್ಷರಕ್ಕೆ ಇರುವ ಜಾಗ 21 ಮಾತ್ರ, ನಮ್ಮ ವರ್ಣಮಾಲೆ 49. ಒತ್ತಕ್ಷರ ಬೇರೆ. ಯಾವ 21 ಆರಿಸಿದರೆ ನಿಮ್ಮ ಊರಿನ ಹೆಸರು, ಮನೆಯವರ ಹೆಸರು ಬರೆಯಬಹುದು ಎಂದು ಕೂತು ಲೆಕ್ಕ ಹಾಕಿ, ಸಂಜೆ ಕಳೆಯುತ್ತದೆ.

ಪಿನ್ ಕಿತ್ತರೆ ಅಕ್ಷರವೂ ಹೋಗುತ್ತದೆ. ಅದಕ್ಕೆ ಸಂಖ್ಯೆಗಳನ್ನು ‘ಡೇಟಾ’ ಸಾಲಿನಲ್ಲಿಟ್ಟು ಪುಟ್ಟ ಪ್ರೋಗ್ರಾಂ ಮಾಡಿ, ಹೊಸ ಕ್ಯಾಸೆಟ್‌ಗೆ ಎರಡು ಸಲ ‘ಸೇವ್’ ಮಾಡಿ. ಸ್ಪೆಕ್ಟ್ರಮ್ ಆದರೆ ಟೇಪ್ ಹಿಂದಕ್ಕೆ ಸುತ್ತಿ ‘ವೆರಿಫೈ’ ಕೊಟ್ಟು, ಸರಿ ಎಂದು ಬಂದ ಮೇಲೆಯೇ ಪಿನ್ ಕೀಳಿ.